ಹಲ್ಲಿಯ ಊಟದ ಲೆಕ್ಕ

ಪ್ರಾಣಿ ಸಾಕುವ ವಿಷಯದಲ್ಲಿ ನಮ್ಮಂಥ ಮನೆಗಳಿಗೆ ಹಿಂದಿನಿಂದಲೂ ಒಂದು ಅನುಕೂಲವಿತ್ತು. ನಾವು ಸಾಕಿದ ಪ್ರಾಣಿಗಳು ನಮ್ಮ ಅಡಿಗೆಮನೆಯ ಧರ್ಮವನ್ನೇ ಪಾಲಿಸುತ್ತಿದ್ದವು. ಪಾಲಿಸದಿದ್ದರೆ ನಮಗೆ ಕಾಣದಂತೆ ಪಾಲಿಸುತ್ತಿರಲಿಲ್ಲ. ಆಕಳಿಗೆ ಕಣಿಕೆ, ನಾಯಿಗೆ ಹಾಲಿನಲ್ಲಿ ನೆನೆದ ರೊಟ್ಟಿ, ಬೆಕ್ಕಿಗೆ ಒಂದು ಬಟ್ಟಲು ಮಜ್ಜಿಗೆಯನ್ನ. ಬೆಕ್ಕು ಹಿತ್ತಲಿಗೆ ಹೋಗಿ ಇಲಿ ಹಿಡಿದು ತಿಂದರೆ ಅದು ಬೆಕ್ಕಿನ ಸ್ವಂತ ವ್ಯವಹಾರ. ಅದರ ಪಾಪ ಪುಣ್ಯ ನಮ್ಮ ಖಾತೆಗೆ ಜಮೆಯಾಗುತ್ತಿರಲಿಲ್ಲ. ಇಲಿ ಕಡಿಮೆಯಾದದ್ದರ ಲಾಭ ಮಾತ್ರ ನಮಗೆ ಬರುತ್ತಿತ್ತು.

ಈಗ ಬಂದಿರುವ ಪ್ರಶ್ನೆ ಬೇರೆ ತರಹದ್ದು. ಸಾಕಬೇಕೆಂದಿರುವ ಪ್ರಾಣಿ ಅನ್ನ ತಿನ್ನುವುದಿಲ್ಲ, ರೊಟ್ಟಿ ತಿನ್ನುವುದಿಲ್ಲ, ಹಾಲು ಮುಟ್ಟುವುದಿಲ್ಲ, ಸೊಪ್ಪನ್ನು ಕಣ್ಣೆತ್ತಿ ನೋಡುವುದಿಲ್ಲ. ಅದಕ್ಕೆ ಬೇಕಾದದ್ದು ಜೀವಂತ ಹುಳು. ಅದೂ ಓಡಾಡುತ್ತಿರುವ ಹುಳು. ಅದು ಹೊರಗೆ ಹೋಗಿ ಬೇಟೆಯಾಡುವ ಹಾಗೂ ಇಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಕೂತ ಅದಕ್ಕೆ ನಾವೇ ಹುಳುಗಳನ್ನು ತಂದು, ಬೆಳೆಸಿ, ಎಣಿಸಿ ಹಾಕಬೇಕು. ಕೊಲ್ಲುವುದು ಹಲ್ಲಿ, ಕೊಲೆಯ ಸಿದ್ಧತೆ ನಮ್ಮದು. ಈ ಸಿದ್ಧತೆಗೆ ನೀತಿಶಾಸ್ತ್ರದಲ್ಲಿ ಯಾವ ಹೆಸರು?

ಪ್ರಶ್ನೆ ನನ್ನ ಬಳಿಗೆ ಬಂದ ಕಾರಣ ಸಣ್ಣದು. ನನ್ನ ತಂಗಿಯ ಮೊಮ್ಮಗ ವಿಜಯಪುರದಲ್ಲಿ ನಮ್ಮ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಾನೆ. ಅವನಿಗೆ ಚಿರತೆ ಹಲ್ಲಿಯೊಂದನ್ನು, ಅಂದರೆ ಈಗಿನವರು ಲೆಪರ್ಡ್ ಗೆಕೊ ಎನ್ನುವುದನ್ನು, ಸಾಕಬೇಕೆಂಬ ಆಸೆ. ಅದನ್ನಿಡಲು ಹಿಂದಿನ ಖೋಲಿ ಬೇಕು. ಒಂದು ಕಾಲದಲ್ಲಿ ಜೋಳದ ಚೀಲ ಇಡುತ್ತಿದ್ದ ಆ ಖೋಲಿಯ ಬೀಗದ ಕೈ ನನ್ನಲ್ಲಿದೆ. ಆದ್ದರಿಂದ ನನ್ನ ಅಭಿಪ್ರಾಯಕ್ಕೆ ಬೆಲೆ ಬಂದಿತು.

ಈ ಪ್ರಾಣಿ ನಮ್ಮ ಗೋಡೆಯ ಹಲ್ಲಿಯ ದಾಯಾದಿಯೇ ಹೊರತು ಅದೇ ಅಲ್ಲ. ಗೋಡೆಯ ಹಲ್ಲಿಗೆ ಕಣ್ಣುರೆಪ್ಪೆಯಿಲ್ಲ, ಇದಕ್ಕೆ ಉಂಟು. ಗೋಡೆಯ ಹಲ್ಲಿಯ ಬೆರಳಿಗೆ ಅಂಟುವ ಪಟ್ಟಿಗಳಿವೆ, ಇದಕ್ಕೆ ಉಗುರಷ್ಟೆ. ಹಾಗಾಗಿ ನೆಲದ ಮೇಲೆ ನಡೆಯಬೇಕು. ಹುಡುಗನ ಮಾತಿನಲ್ಲಿ, “ಅಜ್ಜಾ, ಇದು ಗ್ವಾಡಿ ಹತ್ತೂದಿಲ್ಲ, ಮೈಮ್ಯಾಲ ಬೀಳೂ ಅಂಜಿಕಿ ಇಲ್ಲ.” ಪಂಚಾಂಗದ ಹಲ್ಲಿ ಬಿದ್ದ ಫಲ ನೋಡುವ ನನ್ನ ತಂಗಿಗೆ ಸಮಾಧಾನವಾಗಲೆಂದು ಆಡಿದ ಮಾತು ಅದು. ಹಳದಿ ಮೈ, ಕರಿ ಚುಕ್ಕೆ, ಕೊಬ್ಬು ತುಂಬಿದ ದಪ್ಪ ಬಾಲ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ 1854ರಲ್ಲಿ ಪಂಜಾಬಿನ ಉಪ್ಪಿನ ಗುಡ್ಡಗಳ ಕಡೆಯ ಇದನ್ನು ಶಾಸ್ತ್ರಕ್ಕೆ ಪರಿಚಯಿಸಿದ. ಇದರ ಬಳಗದವು ನಮ್ಮ ನೆರೆಯ ಮಹಾರಾಷ್ಟ್ರದ ಕಲ್ಲುಗುಡ್ಡಗಳಲ್ಲಿಯೂ ಇವೆ; ಸಾತ್ಪುಡದ ಜಾತಿಯೊಂದಕ್ಕೆ 2014ರಲ್ಲಿ ಹೆಸರಿಟ್ಟರು. ವಿಷವಿಲ್ಲದ ಈ ಬಡಪಾಯಿಯನ್ನು ವಿಷದ್ದೆಂದು ಕಂಡಲ್ಲಿ ಹೊಡೆದು ಕೊಲ್ಲುವ ಮಂದಿ ಉತ್ತರದ ಕಡೆ ಬಹಳ. ಗುಡ್ಡದಿಂದ ಹಿಡಿದು ತರುವ ಮಾತು ಬೇಡವೇ ಬೇಡ, 1972ರ ವನ್ಯಜೀವಿ ಕಾಯಿದೆ ಇರುವುದೇ ಅಂಥದಕ್ಕೆ ಅಡ್ಡಿಯಾಗಿ. ಸಾಕಿ ಮಾರುವವರಿಂದ ತರುವುದಿದ್ದರೂ ಮೊದಲು ಅರಣ್ಯ ಇಲಾಖೆಯನ್ನು ಕೇಳಿ ಬಾ ಎಂದು ಹುಡುಗನಿಗೆ ಹೇಳಿದ್ದೇನೆ.

ಅವನು ನನಗೆ ತೋರಿಸಿದ್ದು ಹಲ್ಲಿಯ ಚಿತ್ರವನ್ನಲ್ಲ, ಒಂದು ವಹಿಯನ್ನು. ಅದರಲ್ಲಿ ಹಲ್ಲಿಯ ಊಟದ ಯೋಜನೆ ಇತ್ತು. ರಾತ್ರಿ ಮೂಲೆಯಲ್ಲಿ ಚಿರ್‌ಗುಟ್ಟುವ ಚಿಮ್ಮಂಡೆ ಮುಖ್ಯ ಆಹಾರ. ಜೊತೆಗೆ ಹಿಟ್ಟಿನ ಹುಳು. ದೊಡ್ಡ ಊರುಗಳಿಂದ ಅಂಚೆಯ ಡಬ್ಬಿಯಲ್ಲಿ ತರಿಸಿದರೆ ನಮ್ಮ ಏಪ್ರಿಲ್ ಮೇ ತಿಂಗಳ ಬಿಸಿಲಿಗೆ ದಾರಿಯಲ್ಲೇ ಸಾಯುತ್ತವೆ. ಆದ್ದರಿಂದ ಮನೆಯಲ್ಲೇ ಬೆಳೆಸಬೇಕು. ಒದ್ದೆ ಮಣ್ಣಿನ ತಟ್ಟೆಯಲ್ಲಿ ಹೆಣ್ಣು ಚಿಮ್ಮಂಡೆ ಮೊಟ್ಟೆಯಿಡುತ್ತದೆ. 30 ಡಿಗ್ರಿಯ ಕಾವಿದ್ದರೆ ಸುಮಾರು 10 ದಿನಕ್ಕೆ ಮರಿ. 6ರಿಂದ 8 ವಾರಕ್ಕೆ ಬೆಳೆದ ಹುಳು. ಹಿಟ್ಟಿನ ಹುಳುವಿಗೆ ಗೋದಿಯ ತೌಡು ಸಾಕು. ಅದನ್ನು ತಂಪಿನಲ್ಲಿಟ್ಟರೆ ಬೆಳೆಯದೆ ವಾರಗಟ್ಟಲೆ ಮಲಗಿರುತ್ತದೆಯಂತೆ. ಆ ತಂಪು ಎಲ್ಲಿಯದೆಂದು ವಹಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಫ್ರಿಜ್ಜು. ಹಾಲು ಮೊಸರಿನ ಪಕ್ಕದಲ್ಲಿ ಎಂದಾಯಿತು. ಈ ಸಾಲನ್ನು ತಂಗಿ ಇನ್ನೂ ಓದಿಲ್ಲ.

ನಾನು ಪಕ್ಕದಲ್ಲಿ ಇನ್ನೊಂದು ಲೆಕ್ಕ ಹಾಕಿದೆ. ಮರಿ ಹಲ್ಲಿಗೆ ದಿನಾಲು 5–6 ಹುಳು. ಮೊದಲ ವರ್ಷಕ್ಕೆ 2,000. ಬೆಳೆದ ಮೇಲೆ ದಿನ ಬಿಟ್ಟು ದಿನ 6–7, ವರ್ಷಕ್ಕೆ 1,200. ಚೆನ್ನಾಗಿ ಸಾಕಿದರೆ ಈ ಪ್ರಾಣಿ 15 ವರ್ಷ, ಕೆಲವೊಮ್ಮೆ 20 ವರ್ಷ ಬದುಕುತ್ತದೆ. 15 ವರ್ಷವೆಂದರೂ 18,800 ಹುಳು. ಒಂದು ಗೇಣು ಉದ್ದದ ಒಂದು ಜೀವಕ್ಕೆ ಹೆಚ್ಚು ಕಡಿಮೆ 19,000 ಜೀವ.

ಅಂಕೆಯನ್ನು ಕೇಳಿ ತಂಗಿ ಎರಡೇ ಮಾತು ಹೇಳಿದಳು. “ತಾನಾಗಿ ಸತ್ತರ ಬ್ಯಾರೆ. ಸಾಕಿ ಕೊಲ್ಲೂದು ಬ್ಯಾರೆ.”

ಇದಕ್ಕೆ ಹುಡುಗ ಕೊಟ್ಟ ಉತ್ತರ ಎಲ್ಲರೂ ಕೊಡುವಂಥದೇ. ಜೀವಕ್ಕೆ ಜೀವವೇ ಆಹಾರ, ಅದು ನಿಸರ್ಗದ ನಿಯಮ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಯ ಗೆದ್ದಲನ್ನು ಗೋಡೆಯ ಹಲ್ಲಿಗಳು ನಮ್ಮ ಕಣ್ಣೆದುರಿಗೇ ಕಬಳಿಸುತ್ತವೆ. ನಾವು ಯಾರೂ ಹಲ್ಲಿಗೆ ಧರ್ಮೋಪದೇಶ ಮಾಡುವುದಿಲ್ಲ. ಮಾತು ನಿಜ. ಆದರೆ ನಿಸರ್ಗದ ನಿಯಮವೆಂಬುದು ಹಲ್ಲಿಯ ಪಾಲಿಗೆ ನಿಯಮ, ನನ್ನ ಪಾಲಿಗೆ ವರ್ಣನೆ ಮಾತ್ರ. ಹಲ್ಲಿಗೆ ಬೇರೆ ದಾರಿಯಿಲ್ಲ. ಹಲ್ಲಿಯನ್ನು ಪೆಟ್ಟಿಗೆಯಲ್ಲಿ ತಂದಿಡದಿರುವ ದಾರಿ ನನಗೆ ಇದೆ. ಆ ದಾರಿ ಇರುವಷ್ಟು ಕಾಲ ನಿಸರ್ಗವನ್ನು ಸಾಕ್ಷಿಗೆ ಕರೆಯುವುದು ನ್ಯಾಯವಲ್ಲ.

ನಮ್ಮ ಪುರಾಣದಲ್ಲಿ ಇಂಥ ಇಕ್ಕಟ್ಟಿನ ಎರಡು ಕಥೆಗಳಿವೆ. ಎರಡೂ ಮಹಾಭಾರತದ ವನಪರ್ವದಲ್ಲಿವೆ. ಶಿಬಿ ಚಕ್ರವರ್ತಿಯ ತೊಡೆಯ ಮೇಲೆ ಪಾರಿವಾಳ ಬಂದು ಬಿದ್ದಾಗ ಬೆನ್ನಟ್ಟಿ ಬಂದ ಗಿಡುಗ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ: ಅದನ್ನು ಉಳಿಸಿದರೆ ನನ್ನನ್ನು ಕೊಂದಂತಾಯಿತು, ನನ್ನ ಹೆಂಡತಿ ಮಕ್ಕಳನ್ನು ಕೊಂದಂತಾಯಿತು, ಇದು ಯಾವ ದಯೆ? ಶಿಬಿ ತನ್ನ ಮಾಂಸವನ್ನೇ ಕೊಯ್ದು ತಕ್ಕಡಿಗೆ ಹಾಕಿದ. ಹರಿದಾಸರು ಈ ಕಥೆ ಹೇಳುವಾಗ ರಾಜನ ತ್ಯಾಗಕ್ಕೆ ಕಣ್ಣೀರು ತರಿಸುತ್ತಾರೆ. ನನಗೆ ಕಥೆಯಲ್ಲಿ ಹೆಚ್ಚು ಕಾಡುವುದು ತಕ್ಕಡಿ. ದಯೆ ತೋರಿಸಬೇಕೆಂದವನು ತೂಕ ನೋಡಬೇಕಾಯಿತು. ಯಾರ ಹಸಿವಿಗೆ ಯಾರು ಎಷ್ಟು ತೆರಬೇಕೆಂದು ಲೆಕ್ಕ ಹಾಕದೆ ಮಾಡಿದ ದಯೆ ಒಬ್ಬರ ಪಾಲಿಗೆ ದಯೆ, ಇನ್ನೊಬ್ಬರ ಪಾಲಿಗೆ ಉಪವಾಸ.

ಇನ್ನೊಂದು ಧರ್ಮವ್ಯಾಧನ ಕಥೆ. ಮಿಥಿಲೆಯ ಆ ಕಟುಕ ತಾನು ಮಾಂಸ ತಿನ್ನುವವನಲ್ಲ, ಕೊಲ್ಲುವವನೂ ಅಲ್ಲ. ಬೇರೆಯವರು ಕೊಂದದ್ದನ್ನು ಮಾರುತ್ತಾನೆ. ಕೌಶಿಕನೆಂಬ ಬ್ರಾಹ್ಮಣ ಮೂಗು ಮುರಿದಾಗ ಅವನು ನೇಗಿಲನ್ನು ತೋರಿಸುತ್ತಾನೆ: ಉಳುವಾಗ ಭೂಮಿಯಲ್ಲಿ ಎಷ್ಟು ಜೀವಗಳು ಸಾಯುತ್ತವೆ, ನಡೆಯುವಾಗ ಕಾಲಡಿಯಲ್ಲಿ ಎಷ್ಟು! ನಮ್ಮ ಎರೆಭೂಮಿಯಲ್ಲಿ ಹಿಂಗಾರಿಗೆ ಕುಂಟೆ ಹೊಡೆಯುವ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕುಂಟೆಯ ಹಿಂದೆಯೇ ಬೆಳ್ಳಕ್ಕಿಗಳು ಬರುವುದು ಸುಮ್ಮನೆ ಅಲ್ಲ.

ಈ ವಾದವನ್ನು ಇಂದಿನ ವಿಜಯಪುರ ಜಿಲ್ಲೆಗೆ ಹಚ್ಚಿ ನೋಡಿದರೆ ಅದು ಇನ್ನೂ ಬಲವಾಗುತ್ತದೆ. ತಿಕೋಟಾದ ಸುತ್ತ ದ್ರಾಕ್ಷಿಯ ತೋಟಗಳಿವೆ. ಒಣದ್ರಾಕ್ಷಿಯ ಶೆಡ್ಡುಗಳು ದಾರಿಯುದ್ದಕ್ಕೂ ಕಾಣುತ್ತವೆ. ದ್ರಾಕ್ಷಿಯೆಂದರೆ ಔಷಧ ಹೊಡೆಯುವ ಬೆಳೆ; ಥ್ರಿಪ್ಸಿಗೆ, ಹಿಟ್ಟು ತಿಗಣೆಗೆ ಮತ್ತೆ ಮತ್ತೆ ಹೊಡೆಯಬೇಕು. ಒಂದು ಎಕರೆಗೆ ಒಂದು ಮುಂಜಾನೆ ಹೊಡೆದ ಔಷಧಕ್ಕೆ ಸಾಯುವ ಹುಳುಗಳ ಮುಂದೆ ಹಲ್ಲಿಯ 19,000 ಯಾವ ಲೆಕ್ಕ? ನಮ್ಮ ಮನೆಯ ಪಾಯಸಕ್ಕೆ ಬೀಳುವ ಮನೂಕದ ಹಿಂದೆ ಈ ಯುದ್ಧವಿದೆ. ಬಬಲೇಶ್ವರದ ಕಡೆ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂದು ಕೆರೆ ತುಂಬಿದ ಮೇಲೆ ಹಸಿರು ಹೆಚ್ಚಿದೆ, ಹಸಿರಿನ ಜೊತೆ ಹುಳು, ಹುಳುವಿನ ಜೊತೆ ಪಂಪು. ಇನ್ನು ಮದುವೆಯಲ್ಲಿ ತಂಗಿ ಉಡುವ ಇಳಕಲ್ಲ ಸೀರೆಯ ಸೆರಗು ರೇಷ್ಮೆಯದು. ಒಂದು ಕಿಲೊ ಕಚ್ಚಾ ರೇಷ್ಮೆಗೆ ಸುಮಾರು 5,000 ಗೂಡು ಬೇಕು. ಗೂಡಿನ ಒಳಗಿನ ಜೀವ ಚಿಟ್ಟೆಯಾಗಿ ಹೊರಬೀಳುವ ಮುಂಚೆಯೇ ಬಿಸಿಗೆ ಸಾಯಬೇಕು. ರೇಷ್ಮೆಹುಳುವನ್ನು ಕೂಡ ಸಾಕಿಯೇ ಕೊಲ್ಲುವುದು.

ಹುಳುಗಳನ್ನು ಉಣಿಸಲೆಂದೇ ಹುಳು ಬೆಳೆಸುವುದು ಸರಕಾರಿ ವಿದ್ಯೆಯೂ ಹೌದು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯಂಥ ಕಡೆಗಳಲ್ಲಿ ಜೋಳ ಸಜ್ಜೆಗಳ ನುಚ್ಚಿನಲ್ಲಿ ಅಕ್ಕಿಪತಂಗವನ್ನು ಸಾಕುತ್ತಾರೆ. ಅದರ ಮೊಟ್ಟೆಗಳನ್ನು ಒಂದು ರಟ್ಟಿಗೆ ಅಂಟಿಸಿ ಅವುಗಳೊಳಗೆ ಟ್ರೈಕೊಗ್ರಾಮ ಎಂಬ ಧೂಳಿನಷ್ಟು ಸಣ್ಣ ಕಣಜವನ್ನು ಬೆಳೆಸುತ್ತಾರೆ. ಹೊಲದಲ್ಲಿ ಕಾಯಿಕೊರಕದ ಮೊಟ್ಟೆಯನ್ನು ಆ ಕಣಜ ನಾಶಮಾಡುತ್ತದೆ, ಔಷಧ ಉಳಿಯುತ್ತದೆ. ಒಂದು ರಟ್ಟಿನಲ್ಲಿ ಸುಮಾರು 20,000 ಮೊಟ್ಟೆ. ಒಂದು ಹಲ್ಲಿಯ ಇಡೀ ಆಯುಷ್ಯದ ಊಟ ಅಂಗೈಯಗಲದ ಒಂದು ರಟ್ಟಿನ ಮೇಲೆ ಮುಗಿದುಹೋಯಿತು. ಅದನ್ನು ಹೊಲಕ್ಕೆ ಕಟ್ಟುವ ರೈತನನ್ನು ಯಾರೂ ಕಟುಕನೆನ್ನುವುದಿಲ್ಲ, ಎನ್ನಬಾರದು.

ಹಾಗಾದರೆ ಹುಡುಗನ ಹಲ್ಲಿಗೆ ಅಡ್ಡಿಯೇನು? ಇಲ್ಲಿ ನನಗೊಂದು ಸೂಕ್ಷ್ಮ ಕಾಣುತ್ತದೆ. ನೇಗಿಲಿನ ವಾದ ನನ್ನ ಬಾಯನ್ನು ಮುಚ್ಚಿಸುತ್ತದೆ, ಆದರೆ ನನ್ನ ಪ್ರಶ್ನೆಯನ್ನು ತೀರಿಸುವುದಿಲ್ಲ. ನೀನೂ ಮಾಡುತ್ತೀ ಎಂಬುದು ವಾದಿಸುವವನ ಅಧಿಕಾರವನ್ನು ಕಿತ್ತುಕೊಳ್ಳಬಹುದು. ಕೆಲಸವನ್ನು ಸರಿಯೆಂದು ಮಾಡಲಾರದು. ನೇಗಿಲು ಹೊಡೆಯುವುದು ರೊಟ್ಟಿಗೆ. ರೇಷ್ಮೆ ಅಲಂಕಾರಕ್ಕೆ. ಹಲ್ಲಿ ಯಾತಕ್ಕೆ? ಪ್ರಾಮಾಣಿಕವಾಗಿ ಹೇಳುವುದಾದರೆ ಅದು ಜೋಳದ ಸಾಲಿನಲ್ಲಿ ಕೂಡುವುದಿಲ್ಲ, ಇಳಕಲ್ಲ ಸೆರಗಿನ ಸಾಲಿನಲ್ಲಿ ಕೂಡುತ್ತದೆ. ಸಂತೋಷಕ್ಕಾಗಿ. ಸಂತೋಷವೆಂದರೆ ತುಚ್ಛವಲ್ಲ. ಹಲ್ಲಿ ಕಂಡರೆ ಕಸಬರಿಗೆ ಹುಡುಕುವ ನಮ್ಮ ಮಂದಿಯ ನಡುವೆ ಒಬ್ಬ ಹುಡುಗ ಅದರ ಕಣ್ಣನ್ನು ಗಂಟೆಗಟ್ಟಲೆ ನೋಡಬಯಸಿದರೆ ಅದು ಒಳ್ಳೆಯ ಗುಣವೆಂದೇ ನನ್ನ ತಿಳಿವು. ಆದರೂ ಹಸಿವೆಗಾಗಿ ಕೊಲ್ಲುವವನಿಗಿಂತ ಸಂತೋಷಕ್ಕಾಗಿ ಕೊಲ್ಲಿಸುವವನು ಹೆಚ್ಚು ಉತ್ತರ ಹೇಳಬೇಕಾಗುತ್ತದೆ.

ಹುಳುವಿಗೆ ನೋವೇ ಇಲ್ಲದಿದ್ದರೆ ಇಷ್ಟೆಲ್ಲ ಜಿಜ್ಞಾಸೆ ಯಾಕೆ, ಎನ್ನಬಹುದು. ಹಾಗೆಂದವರುಂಟು. 1984ರಲ್ಲಿ ಕೆಲವು ವಿಜ್ಞಾನಿಗಳು ಬರೆದ ಲೇಖನವೊಂದು ಬಹಳ ಪ್ರಸಿದ್ಧವಾಯಿತು: ಸೂರ್ಯನ ಕುದುರೆಯೆಂಬ ಕೀಟ ತನ್ನನ್ನು ತಿನ್ನುತ್ತಿರುವಾಗಲೂ ಮಿಡತೆ ತನ್ನ ಎಲೆಯನ್ನು ಮೇಯುತ್ತಲೇ ಇರುತ್ತದೆ, ನೋವಿದ್ದರೆ ಹೀಗೆ ಮಾಡೀತೆ? ಆದರೆ ವಿಜ್ಞಾನ ಅಲ್ಲಿಗೇ ನಿಲ್ಲಲಿಲ್ಲ. 2022ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದವರು ದುಂಬಿಯ ಜಾತಿಯ ಜೇನುಗಳು ಯಾವ ಸಿಹಿಯ ಆಸೆಯೂ ಇಲ್ಲದೆ ಸಣ್ಣ ಮರದ ಗೋಲಿಗಳನ್ನು ಮತ್ತೆ ಮತ್ತೆ ಉರುಳಿಸುವುದನ್ನು ಕಂಡು ಇದನ್ನು ಆಟವೆನ್ನದೆ ಬೇರೇನೆನ್ನಬೇಕೆಂದು ಕೇಳಿದರು. 2024ರ ಏಪ್ರಿಲಿನಲ್ಲಿ ನ್ಯೂಯಾರ್ಕಿನಲ್ಲಿ ಹೊರಬಂದ ವಿದ್ವಾಂಸರ ಹೇಳಿಕೆ ಕೀಟಗಳಿಗೂ ಅನುಭವವಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದೆಂದಿತು. ಇದೆ ಎನ್ನಲಿಲ್ಲ, ಇರಬಹುದು ಎಂದಿತು.

ಜೈನರು ಈ ಇರಬಹುದನ್ನು ಎಂದೋ ಗಂಭೀರವಾಗಿ ಹಿಡಿದವರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರದಲ್ಲಿ ಹುಳುವಿಗೆ ಎರಡು ಇಂದ್ರಿಯ, ಇರುವೆಗೆ ಮೂರು, ದುಂಬಿಗೆ ನಾಲ್ಕು, ಮನುಷ್ಯನಿಗೆ ಐದು ಎಂದು ಮೆಟ್ಟಿಲುಗಳಿವೆ. ಗುಜರಾತಿನ ಕೆಲವು ಪಾಂಜರಪೋಳಗಳಲ್ಲಿ ಮುದಿ ದನಗಳ ಕೊಟ್ಟಿಗೆಯ ಜೊತೆಗೆ ಧಾನ್ಯದ ಹುಳುಗಳಿಗೂ ಒಂದು ಕೋಣೆಯಿರುತ್ತಿತ್ತು. ಮನೆಯ ಕಾಳು ಆರಿಸುವಾಗ ಸಿಕ್ಕ ಹುಳುಗಳನ್ನು ತಂದು ಅಲ್ಲಿ ಬಿಡುವುದು. ಅವು ತಮ್ಮ ಆಯುಷ್ಯ ತೀರುವವರೆಗೆ ಆ ಕಾಳಿನಲ್ಲೇ ಇರುವುದು. ಸೂರತ್ತಿನ ಅಂಥ ಕೋಣೆಯನ್ನು ನೋಡಿದ ಆಂಗ್ಲ ಪ್ರವಾಸಿಗಳು 19ನೇ ಶತಮಾನದಲ್ಲಿ ಬೆರಗಾಗಿ ಬರೆದಿದ್ದಾರೆ, ಸ್ವಲ್ಪ ನಕ್ಕೂ ಇದ್ದಾರೆ. ನನಗೆ ನಗು ಬರುವುದಿಲ್ಲ. ಜೋಳ ಹಾಕಿ ಹುಳುವನ್ನು ಉಳಿಸುವ ಕೋಣೆ ಅದು. ನಮ್ಮ ಹಿಂದಿನ ಖೋಲಿಯಲ್ಲಿ ಆಗಲಿರುವುದು ಜೋಳದ ಹಿಟ್ಟು ಹಾಕಿ ಹುಳುವನ್ನು ಹಲ್ಲಿಗೆ ಸಿದ್ಧಮಾಡುವ ಕೋಣೆ. ನೋಡಿದರೆ ಎರಡೂ ಒಂದೇ ತರಹ ಕಾಣುತ್ತವೆ.

ಆದರೆ ಆ ಕೋಣೆಯ ದಯೆಯನ್ನು ಅರ್ಧ ಮಾತ್ರ ಮನೆಗೆ ತಂದರೆ ಅನರ್ಥವಾಗುತ್ತದೆ. ಹಲ್ಲಿಯನ್ನು ತರುವುದು, ಆಮೇಲೆ ಹುಳುವಿನ ಮೇಲೆ ಕನಿಕರ ಬಂದು ಒಂದು ದಿನ ಹಾಕಿ ಮೂರು ದಿನ ಬಿಡುವುದು, ಸೊಪ್ಪು ತಿನ್ನಲು ಕಲಿಸುತ್ತೇನೆನ್ನುವುದು. ಸೊಪ್ಪನ್ನು ಕಾಳನ್ನು ಅರಗಿಸುವ ಹೊಟ್ಟೆ ಅದಕ್ಕಿಲ್ಲ. ಕ್ಯಾಲ್ಸಿಯಮ್ಮಿನ ಪುಡಿ ಲೇಪಿಸದ ಹುಳುವನ್ನಷ್ಟೇ ತಿಂದು ಬೆಳೆದ ಮರಿಯ ಎಲುಬು ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ. ಗಿಡುಗನ ಪ್ರಶ್ನೆ ಇಲ್ಲಿ ಮತ್ತೆ ಎದ್ದು ನಿಲ್ಲುತ್ತದೆ. ತರುವ ಮುಂಚೆ ಬೇಡವೆನ್ನುವುದು ಅಹಿಂಸೆ. ತಂದ ಮೇಲೆ ಅರೆಹೊಟ್ಟೆ ಇಡುವುದು ಅಹಿಂಸೆಯ ವೇಷ ಹಾಕಿದ ಜಿಪುಣತನ. ಮನೆಯ ಪಾವಿತ್ರ್ಯಕ್ಕಾಗಿ ನಾಯಿಗೆ ಬರಿ ಮಜ್ಜಿಗೆಯನ್ನ ಹಾಕಿ ಅದರ ಪಕ್ಕೆಲುಬು ಎಣಿಸುವಂತಾದರೂ ಹೆಮ್ಮೆಪಡುವವರನ್ನು ನಾನು ಕಂಡಿದ್ದೇನೆ.

ಹುಳುವಿಗೂ ಸಲ್ಲಬೇಕಾದ್ದೊಂದಿದೆ. ಸಾಯುವ ಜೀವವೆಂದು ಅದನ್ನು ಸತ್ತ ವಸ್ತುವಿನಂತೆ ಕಾಣಬೇಕಾಗಿಲ್ಲ. ಅದೃಷ್ಟಕ್ಕೆ ಇಲ್ಲಿ ಸ್ವಾರ್ಥವೂ ನ್ಯಾಯವೂ ಒಂದೇ ದಾರಿ ಹಿಡಿಯುತ್ತವೆ. ಹಸಿದು ಒಣಗಿದ ಚಿಮ್ಮಂಡೆಯಲ್ಲಿ ಹಲ್ಲಿಗೆ ಸಿಗುವ ಸತ್ತ್ವ ಬರಿ ಸಿಪ್ಪೆ. ಆದ್ದರಿಂದ ಹಲ್ಲಿಗೆ ಹಾಕುವ ಒಂದೆರಡು ದಿನ ಮೊದಲು ಹುಳುವಿಗೆ ಗಜ್ಜರಿ, ಸೊಪ್ಪು, ಹಿಟ್ಟು ಹೊಟ್ಟೆ ತುಂಬ ಉಣಿಸಬೇಕು. ಹಲ್ಲಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡ ಹುಳು ಹಾಕಬಾರದು. ದೊಡ್ಡದಾದರೆ ಹಲ್ಲಿಗೂ ಕಷ್ಟ, ಹುಳುವಿಗೂ ನಿಧಾನದ ಸಾವು. ತಿನ್ನದೆ ಉಳಿದದ್ದನ್ನು ರಾತ್ರಿಯೇ ತೆಗೆಯಬೇಕು; ಇಲ್ಲದಿದ್ದರೆ ಹಸಿದ ಚಿಮ್ಮಂಡೆ ಮಲಗಿದ ಹಲ್ಲಿಯನ್ನೇ ಕಚ್ಚುತ್ತದೆ. ಅದಕ್ಕೂ ಹೊಟ್ಟೆಯುಂಟಷ್ಟೆ. ತಿಕೋಟಾದ ತೋಟದಲ್ಲಿ ಪುಕ್ಕಟೆ ಮಿಡತೆ ಹಿಡಿದು ತರುತ್ತೇನೆಂದು ಹುಡುಗ ಮೊದಲು ಬರೆದಿದ್ದ. ಆಮೇಲೆ ಅವನೇ ಅದನ್ನು ಹೊಡೆದುಹಾಕಿದ್ದಾನೆ: ಔಷಧ ಕುಡಿದ ಮಿಡತೆ ಹಲ್ಲಿಗೆ ವಿಷ. ದ್ರಾಕ್ಷಿಯ ಯುದ್ಧ ಹೀಗೆ ಗಾಜಿನ ಪೆಟ್ಟಿಗೆಯ ಒಳಗೂ ಬಂದೀತು. ಮಿಣುಕುಹುಳುವಂತೂ ಒಂದೇ ಒಂದಾದರೂ ಹಲ್ಲಿಯನ್ನು ಕೊಲ್ಲಬಲ್ಲದು.

ಆ ವಹಿಯನ್ನು ನೋಡಿದಷ್ಟೂ ನನಗೆ ಅದರ ಮೇಲೆ ಗೌರವ ಹೆಚ್ಚಿತೆಂದು ಹೇಳಬೇಕು. ನಮ್ಮ ಊಟದ ಹಿಂದಿನ ಸಾವುಗಳನ್ನು ನಾವು ಯಾರೂ ಎಣಿಸಿಲ್ಲ. ಪಾಯಸದ ಮನೂಕಕ್ಕೆ ಇಂತಿಷ್ಟು ಥ್ರಿಪ್ಸು ಎಂದು ಯಾವ ಗೃಹಿಣಿಯೂ ಬರೆದಿಟ್ಟಿಲ್ಲ, ಸೆರಗಿಗೆ ಇಂತಿಷ್ಟು ಗೂಡು ಎಂದು ಯಾವ ಅಂಗಡಿಯವನೂ ಚೀಟಿ ಹಚ್ಚಿಲ್ಲ. ಈ ಹುಡುಗ ಒಬ್ಬನೇ ಬರೆದಿದ್ದಾನೆ. ತಂಗಿಗೆ ಅಸಹ್ಯವೆನಿಸಿದ್ದು ಈ ಎಣಿಕೆಯೇ, ಸಾಕಿ ಕೊಲ್ಲುವ ಮುಂಧೋರಣೆಯೇ. ನನಗಾದರೋ ಎಣಿಸದೆ ಕೊಲ್ಲುವುದಕ್ಕಿಂತ ಎಣಿಸಿ ಕೊಲ್ಲುವುದು ಒಂದು ಮೆಟ್ಟಿಲು ಮೇಲಿನದೆನಿಸುತ್ತದೆ. ಎಣಿಸಿದವನು ಒಂದು ದಿನ ಸಾಕು ಎಂದಾನು, ಎಣಿಸದವನಿಗೆ ಆ ದಿನವೇ ಬರುವುದಿಲ್ಲ. ತಂಗಿ ಇದನ್ನು ಒಪ್ಪಿಲ್ಲ. ಅವಳ ಕಡೆಗೂ ನ್ಯಾಯವಿದೆಯೆಂದು ನನಗೆ ಗೊತ್ತು: ಎಣಿಸುವುದು ರೂಢಿಯಾದರೆ ಎಣಿಕೆ ಬರಿ ದಾಸ್ತಾನು ಪುಸ್ತಕವಾಗುತ್ತದೆ.

ಆದ್ದರಿಂದ ಬೀಗದ ಕೈ ಕೊಡುವ ಮುಂಚೆ ನಾನೊಂದು ಷರತ್ತು ಹಾಕಿದೆ. ಮೊದಲು ಹುಳು, ಆಮೇಲೆ ಹಲ್ಲಿ. ಮೂರು ತಿಂಗಳು ಚಿಮ್ಮಂಡೆಗಳನ್ನಷ್ಟೇ ಸಾಕು. ಇದು ವ್ಯವಹಾರದ ಮಾತೂ ಹೌದು. ಹುಳುವಿನ ಸಂಸಾರ ನೆಲೆಗೊಳ್ಳುವ ಮುಂಚೆ ಹಲ್ಲಿಯನ್ನು ತಂದರೆ ಮೊದಲ ತಿಂಗಳೇ ಉಪವಾಸ. ಆದರೆ ನನ್ನ ಮನಸ್ಸಿನಲ್ಲಿದ್ದದ್ದು ಬೇರೆ. ಚೀನದಲ್ಲಿ ಇದೇ ಚಿಮ್ಮಂಡೆಯ ಕುಲದವನ್ನು ಹಾಡಿಗಾಗಿ ಸಾವಿರ ವರ್ಷಕ್ಕೂ ಮೇಲ್ಪಟ್ಟು ಸಾಕಿದ್ದಾರೆ. ಅರಮನೆಯ ಹೆಂಗಸರು ಅದನ್ನು ಸಣ್ಣ ಪಂಜರದಲ್ಲಿ ದಿಂಬಿನ ಬಳಿ ಇಟ್ಟುಕೊಳ್ಳುತ್ತಿದ್ದರಂತೆ. 13ನೇ ಶತಮಾನದ ಮಂತ್ರಿಯೊಬ್ಬ ಅದರ ಮೇಲೆ ಗ್ರಂಥವನ್ನೇ ಬರೆದನೆನ್ನುತ್ತಾರೆ. ಒಂದು ಮನೆಯಲ್ಲಿ ಗಾಯಕ, ಒಂದು ಮನೆಯಲ್ಲಿ ಗ್ರಾಸ. ಮೂರು ತಿಂಗಳು ರಾತ್ರಿಯೆಲ್ಲ ಅದರ ದನಿ ಕೇಳಿ, ನೀರಿಗಾಗಿ ಒದ್ದೆ ಹತ್ತಿ ಬದಲಿಸಿ, ಪೊರೆ ಬಿಟ್ಟು ಬಿಳಿಚಿಕೊಂಡ ಮರಿಯನ್ನು ನೋಡಿದ ಮೇಲೂ ಮೊದಲ ಹುಳುವನ್ನು ಕೈಯಾರೆ ಹಲ್ಲಿಯ ಮುಂದೆ ಬಿಡುವ ಮನಸ್ಸು ಅವನಿಗಿದ್ದರೆ ಬಿಡಲಿ. ಅದು ಎಷ್ಟೆಂದು ತಿಳಿದು ಬಿಟ್ಟಂತಾಗುತ್ತದೆ.

ಈಗ ಆರನೆಯ ವಾರ ನಡೆದಿದೆ. ಹಿಂದಿನ ಖೋಲಿಯಲ್ಲಿ ಮೊಟ್ಟೆಯ ರಟ್ಟುಗಳ ನಡುವೆ ಚಿಮ್ಮಂಡೆಗಳು ಬೆಳೆದಿವೆ. ಎರಡು ರಾತ್ರಿಯಿಂದ ಒಂದು ಗಂಡು ಹಾಡಲು ಹತ್ತಿದೆ. ಹುಡುಗ ವಹಿಯಲ್ಲಿ ಹೊಸ ಪುಟ ತೆಗೆದಿದ್ದಾನೆ: ಹಲ್ಲಿ ತಿನ್ನುವುದಕ್ಕಿಂತ ಹುಳು ಹೆಚ್ಚಾದರೆ ಏನು ಮಾಡುವುದು? ಹೊರಗಿನ ಜಾತಿ, ಹೊಲಕ್ಕೆ ಬಿಡುವಂತಿಲ್ಲ. ಈ ಪುಟ ಇನ್ನೂ ಖಾಲಿಯಿದೆ.

ತಂಗಿಯೂ ಸ್ವಲ್ಪ ಇಳಿದು ಬಂದಿದ್ದಾಳೆ, ತನ್ನದೇ ಒಂದು ಷರತ್ತಿನ ಮೇಲೆ. ಸೋಮವಾರ ಮನೆಯಲ್ಲಿ ಜೀವ ಹೋಗಬಾರದು. ಶ್ರಾವಣದ ಸೋಮವಾರವಂತೂ ಸುತರಾಂ ಕೂಡದು. ಹುಡುಗ ವಹಿ ತಿರುವಿ ನೋಡಿ ಹೇಳಿದ: ಬೆಳೆದ ಹಲ್ಲಿಯಾದರೆ ದಿನ ಬಿಟ್ಟು ದಿನ ತಿನ್ನುವುದು, ಬಾಲದಲ್ಲಿ ಕೊಬ್ಬಿರುತ್ತದೆ, ಸೋಮವಾರ ಬಿಟ್ಟರೆ ಏನೂ ಆಗದು, ಮರಿಯಾದರೆ ದಿನಾಲು ಹಾಕಲೇಬೇಕು. ಅವನು ತರಬೇಕೆಂದಿದ್ದು ಮರಿಯನ್ನು.

“ಹಂಗಾರ ದೊಡ್ಡದನ್ನ ತಾ,” ಎಂದಳು ತಂಗಿ.